ಚರ್ಮದ ಜೊತೆ ಎದೆಯನ್ನೂ ತೋರಿಸು

ತಮ್ಮಾ, ಮೊಣಕೈ, ಮೊಣಕಾಲು, ತಲೆಯಲ್ಲಿ ಕೆಂಪು ಕಲೆ ಎದ್ದು ಬೆಳ್ಳಗೆ ಹುರುಪೆ ಉದುರುತ್ತಿದೆಯೇ? ಡಾಕ್ಟರು ಸೋರಿಯಾಸಿಸ್ ಅಂದರೇ? ಹಾಗಿದ್ದರೆ ತುಂಬುತೋಳಿನ ಅಂಗಿಯಲ್ಲಿ ಮುಚ್ಚಿಟ್ಟುಕೊಂಡು ತಿರುಗಬೇಡ. ಅದು ಅಂಟುಜಾಡ್ಯವಲ್ಲ; ಒಂದೇ ತಾಟಿನಲ್ಲಿ ಉಂಡರೂ ಇನ್ನೊಬ್ಬರಿಗೆ ಬರುವುದಿಲ್ಲ.

ಆದರೆ ಅದು ಬರೀ ಚರ್ಮದ ಕಾಯಿಲೆಯೂ ಅಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬಿದ್ದಿರುತ್ತದೆ. ತಿಂಗಳಿಗೆ ಬದಲಾಗಬೇಕಾದ ಚರ್ಮದ ಕೋಶ ನಾಲ್ಕೈದು ದಿನಕ್ಕೇ ಮೇಲೆ ಬಂದು ಹುರುಪೆಯಾಗುತ್ತದೆ. ಇದರಿಂದ ಮೈಯೊಳಗೆ ಏಳುವ ಉರಿಯೂತ ರಕ್ತನಾಳದ ಒಳಗೋಡೆಯನ್ನೂ ಕೆಡಿಸಿ, ಅಲ್ಲಿ ಕೊಬ್ಬು ಕೂರಲು ದಾರಿ ಮಾಡುತ್ತದೆ. ಕಾಯಿಲೆ ಜೋರಿದ್ದಷ್ಟೂ ಹೃದಯಾಘಾತದ ಭಯ ಹೆಚ್ಚು. 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲಿ ಹೃದಯದ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಗೆ ಸೋರಿಯಾಸಿಸ್ ಕೂಡ ಸೇರಿದೆ. ಹಾಗಂತ ಎಲ್ಲರಿಗೂ ಹೃದಯಾಘಾತ ಬಂದೇ ಬರುತ್ತದೆ ಅಂತಲ್ಲ. ಮೊದಲೇ ನೋಡಿಕೊಂಡರೆ ತಡೆಯಬಹುದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಊರೂರಲ್ಲಿ ಜನ ಇಸಿಜಿ ಮಾಡಿಸಲು ಸಾಲು ನಿಂತಿದ್ದರು. ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನವೂ ಹೌದು. ವರ್ಷಕ್ಕೊಮ್ಮೆ ಆ ದಿನವಾದರೂ ತಪಾಸಣೆ ನೆನಪಿಟ್ಟುಕೋ.

ಹಾನಗಲ್ಲಾಗಲಿ, ಶಿಗ್ಗಾಂವಿಯಾಗಲಿ, ಸವಣೂರು, ಹಿರೇಕೆರೂರಾಗಲಿ, ಸಂತೆಗೆ ಹೋದಾಗ ತಾಲ್ಲೂಕು ಆಸ್ಪತ್ರೆಗೂ ಹೋಗಿ ಬಾ. ಬಿಪಿ, ಶುಗರ್ ನೋಡಿಸು, ಕೊಲೆಸ್ಟ್ರಾಲ್ ಪರೀಕ್ಷೆ ಕೇಳು. ‘ನನಗೆ ಸೋರಿಯಾಸಿಸ್ ಇದೆ’ ಅಂತ ಮೊದಲೇ ಹೇಳು. ಬಿಪಿಯ ಕೆಲವು ಗುಳಿಗೆಗಳಿಂದ ಸೋರಿಯಾಸಿಸ್ ಕೆರಳಬಹುದು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರೆ ಅದು ವಾರಕ್ಕೊಮ್ಮೆ ತಗೊಳ್ಳುವ ಗುಳಿಗೆ. ಬೇಗ ವಾಸಿಯಾಗಲಿ ಅಂತ ದಿನಾ ನುಂಗಿದರೆ ಜೀವಕ್ಕೇ ಕುತ್ತು. ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿಯನ್ನು ಯಾರೇ ಕೊಟ್ಟರೂ ಮುಟ್ಟಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುರುಪೆ ನಾಲ್ಕು ದಿನ ಮಾಯವಾಗಿ, ಬಿಟ್ಟ ಮೇಲೆ ಇಮ್ಮಡಿಯಾಗುತ್ತದೆ. ನಡುವೆ ಆ ಸ್ಟೀರಾಯ್ಡ್ ಬಿಪಿ, ಶುಗರ್ ಕೂಡ ಏರಿಸುತ್ತದೆ.

ಬೀಡಿ, ಗುಟ್ಕಾ, ಸೆರೆ ಬಿಡು. ಸವಣೂರಿನ ವೀಳ್ಯದೆಲೆ ಬೇಕಿದ್ದರೆ ಹಾಕು, ತಂಬಾಕು ಬೇಡ. ಸವಣೂರಿನ ಖಾರಾದಂಥ ಕರಿದ ತಿಂಡಿ ಹಬ್ಬಕ್ಕಿರಲಿ, ದಿನಾ ಬೇಡ. ತೂಕ ಇಳಿಸು, ದಿನವೂ ಅರ್ಧ ತಾಸು ನಡಿ.

ಎದೆ ಹಿಂಡಿ, ಬೆವರು ಕಿತ್ತುಬಂದು, ನೋವು ಕೈಗೋ ದವಡೆಗೋ ಹರಿದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡ. ಆ ಕ್ಷಣವೇ 108ಕ್ಕೆ ಫೋನ್ ಮಾಡು. ಹುರುಪೆಗೆ ನಾಚಬೇಡ ತಮ್ಮಾ, ತಪಾಸಣೆಗೆ ತಡಮಾಡಬೇಡ.