ಅಹಿಫೇನ ವ್ಯಸನ: ಅದರ ಕಾರಣ ಮತ್ತು ಪರಿಣಾಮ

'ವ್ಯಸನ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬಿಡಲಾರದಂತೆ ಅಂಟಿಕೊಂಡ ದುರಭ್ಯಾಸವೆಂಬುದು ಒಂದು. ದುಃಖ, ಆಪತ್ತು ಎಂಬುದು ಇನ್ನೊಂದು. ನೀತಿಶಾಸ್ತ್ರಕಾರರು ಸಪ್ತವ್ಯಸನಗಳನ್ನು ಎಣಿಸುವಾಗ ಮೊದಲನೆಯ ಅರ್ಥವನ್ನು ಹಿಡಿಯುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯು ವ್ಯಸನದಲ್ಲಿದ್ದಾಳೆಂದು ಜನರು ಹೇಳುವಾಗ ಎರಡನೆಯ ಅರ್ಥವನ್ನು ಹಿಡಿಯುತ್ತಾರೆ. ಆದರೆ ಮಾದಕದ್ರವ್ಯಕ್ಕೆ ವಶನಾದವನನ್ನು ಕಂಡಾಗ ಲೋಕಕ್ಕೆ ಮೊದಲನೆಯ ಅರ್ಥವೊಂದೇ ನೆನಪಿಗೆ ಬರುತ್ತದೆ. ಅವನು ಕೆಟ್ಟವನು, ಆದುದರಿಂದ ಸೇವಿಸಿದನು. ಸೇವಿಸಿದನು, ಆದುದರಿಂದ ಹಾಳಾದನು ಎಂದು ತೀರ್ಪು ಕೊಟ್ಟು ಅದು ಮುಖ ತಿರುಗಿಸುತ್ತದೆ. ಅಫೀಮಿನ ಕುಲಕ್ಕೆ ಸೇರಿದ ದ್ರವ್ಯಗಳ ವಿಷಯದಲ್ಲಿ ಈ ತೀರ್ಪು ಎಷ್ಟರಮಟ್ಟಿಗೆ ಸರಿ? ಇದನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈಚಿನ ಮೂವತ್ತು ವರ್ಷಗಳಲ್ಲಿ ನಡೆದ ವೃತ್ತಾಂತದ ಆಧಾರದಿಂದ ವಿಚಾರ ಮಾಡಬಹುದು.

ದ್ರವ್ಯದ ಸ್ವರೂಪ

ಗೃಹಿಣಿಯರು ಪಾಯಸಕ್ಕೆ ಅರೆಯುವ ಗಸಗಸೆಯೂ ಅಫೀಮೂ ಒಂದೇ ಗಿಡದಿಂದ ಬರುವಂಥವು. ಬೀಜದಲ್ಲಿ ಮಾದಕಾಂಶವು ಇಲ್ಲವೆನ್ನುವಷ್ಟು ಅಲ್ಪ. ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾಗಿ ಅಫೀಮೆನಿಸುತ್ತದೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಇದಕ್ಕೆ ಅಹಿಫೇನ, ಎಂದರೆ ಹಾವಿನ ನೊರೆ, ಎಂಬ ಹೆಸರುಂಟು. ಜೀರ್ಣವಾಗುವುದಕ್ಕೆ ಮೊದಲೇ ಸರ್ವಾಂಗವನ್ನೂ ವ್ಯಾಪಿಸಿಬಿಡುವ ದ್ರವ್ಯಗಳಿಗೆ ಶಾರ್ಙ್ಗಧರ ಸಂಹಿತೆಯು ಇದನ್ನು ಉದಾಹರಣೆಯಾಗಿ ಕೊಟ್ಟಿದೆ. ಇಂದಿಗೂ ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಔಷಧಕ್ಕಾಗಿ ಇದನ್ನು ಬೆಳೆಯುತ್ತಾರೆ.

19ನೆಯ ಶತಮಾನದ ಆದಿಭಾಗದಲ್ಲಿ ಸೆರ್ಟ್ಯೂರ್ನರ್ ಎಂಬ ಜರ್ಮನ್ ಔಷಧಿಕಾರನು ಅಫೀಮಿನಿಂದ ಮಾರ್ಫಿನ್ ಎಂಬ ಸತ್ವವನ್ನು ಬೇರ್ಪಡಿಸಿದನು. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿಯು ಮಾರ್ಫಿನಿನಿಂದ ತಯಾರಾದ ಹೆರಾಯಿನನ್ನು ಕೆಮ್ಮಿನ ಔಷಧವೆಂದು ಮಾರಾಟಕ್ಕೆ ತಂದಿತು. ಅದು ಮಾರ್ಫಿನಿಗಿಂತ ನಿರಪಾಯಕರವೆಂದು ಆಗ ಅನೇಕರು ನಂಬಿದ್ದರು. ಕೆಲವೇ ವರ್ಷಗಳಲ್ಲಿ ಆ ನಂಬಿಕೆಯು ಹುಸಿಯಾಯಿತು. 1924ರಲ್ಲಿ ಅಮೆರಿಕವು ಅದರ ತಯಾರಿಕೆಯನ್ನೇ ನಿಷೇಧಿಸಿತು. ಈ ಕುಲದ ದ್ರವ್ಯಗಳಿಗೆಲ್ಲ ಇಂದು ಓಪಿಯಾಯ್ಡ್ ಎಂಬ ಒಂದೇ ಹೆಸರು ರೂಢಿಯಲ್ಲಿದೆ. ಗಸಗಸೆಯ ಸಂಬಂಧವಿಲ್ಲದೆ ಪ್ರಯೋಗಶಾಲೆಯಲ್ಲಿಯೇ ತಯಾರಾಗುವ ಫೆಂಟನಿಲ್ ಸಹ ಇವುಗಳಲ್ಲಿ ಒಂದು. ಅದರ ಶಕ್ತಿಯು ಹೆರಾಯಿನಿಗಿಂತ ಸುಮಾರು 50 ಪಟ್ಟು ಹೆಚ್ಚು.

ಈ ದ್ರವ್ಯಗಳು ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತವೆಂಬುದನ್ನು ತಿಳಿಯಬೇಕು. ನೋವನ್ನು ತಗ್ಗಿಸುವ ದ್ರವ್ಯಗಳನ್ನು ದೇಹವು ತಾನೇ ಉತ್ಪಾದಿಸುತ್ತದೆ. ಅವುಗಳನ್ನು ಗ್ರಹಿಸುವ ಸ್ಥಾನಗಳು ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಉಂಟು. 1970ರ ದಶಕದಲ್ಲಿ ವಿಜ್ಞಾನಿಗಳು ಇವೆರಡನ್ನೂ ಕಂಡುಹಿಡಿದರು. ಅಫೀಮಿನ ಕುಲದ ದ್ರವ್ಯವು ಅದೇ ಸ್ಥಾನಗಳನ್ನು ಆಕ್ರಮಿಸಿ ಅತಿಶಯವಾದ ಉಪಶಮನವನ್ನೂ ಸುಖವನ್ನೂ ಕೊಡುತ್ತದೆ. ದಿನ ಕಳೆದಂತೆ ದೇಹವು ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿನ್ನೆಯ ಪ್ರಮಾಣವು ಇಂದು ಸಾಲದಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬೆವರು, ರೋಮಾಂಚ, ಹೊಟ್ಟೆನುಲಿತ, ಅತಿಸಾರ, ಮೈಕೈಗಳ ನೋವು, ನಿದ್ರಾನಾಶ ಇವೆಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ಮೊದಲು ಸುಖಕ್ಕಾಗಿಯೋ ನೋವಿನ ಶಮನಕ್ಕಾಗಿಯೋ ಸೇವಿಸಿದವನು ಆಮೇಲೆ ಈ ಯಾತನೆಯನ್ನು ತಪ್ಪಿಸಿಕೊಳ್ಳಲೆಂದೇ ಸೇವಿಸುತ್ತಾನೆ. ಪ್ರಮಾಣ ಮೀರಿದಾಗ ಉಸಿರಾಟವು ಮಂದವಾಗುತ್ತ ಹೋಗಿ ನಿಂತುಬಿಡುತ್ತದೆ. ಮರಣವು ಬರುವುದು ಹೀಗೆ.

ವ್ಯಸನದ ಕಾರಣಗಳು

ಅಮೆರಿಕದ ವಿಪತ್ತು ವೈದ್ಯರ ಕೊಠಡಿಯಲ್ಲಿ ಆರಂಭವಾಯಿತು. ರೋಗಿಗಳ ನೋವನ್ನು ವೈದ್ಯರು ಸಾಕಷ್ಟು ಲಕ್ಷಿಸುತ್ತಿಲ್ಲವೆಂಬ ಆಕ್ಷೇಪವು 1980 ಮತ್ತು 1990ರ ದಶಕಗಳಲ್ಲಿ ಬಲವಾಯಿತು. ಈ ಆಕ್ಷೇಪದಲ್ಲಿ ಸತ್ಯವಿತ್ತು. ಕ್ಯಾನ್ಸರ್ ರೋಗಿಗಳು ಸಹ ನರಳುತ್ತ ಸಾಯುತ್ತಿದ್ದರು. ಆದರೆ ಕರುಣೆಯಿಂದ ಹುಟ್ಟಿದ ಈ ಮಾತಿಗೆ ಬಲು ದುರ್ಬಲವಾದ ಆಧಾರವೊಂದು ಬಂದು ಸೇರಿತು. 1980ರಲ್ಲಿ ಒಂದು ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಐದೇ ವಾಕ್ಯಗಳ ಪತ್ರವೊಂದು ಅಚ್ಚಾಗಿತ್ತು. ಆಸ್ಪತ್ರೆಯಲ್ಲಿ ಇಂಥ ಔಷಧ ಪಡೆದ 11,882 ರೋಗಿಗಳ ದಾಖಲೆಗಳಲ್ಲಿ ವ್ಯಸನವು ಹೊಸದಾಗಿ ಅಂಟಿದ ನಿದರ್ಶನಗಳು ನಾಲ್ಕೇ ಎಂಬುದು ಅದರ ಸಾರ. ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿದ್ದವರಿಗೆ ಸಂಬಂಧಿಸಿದ ಈ ಮಾತನ್ನು, ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರಿಗೂ ಅನ್ವಯಿಸಲಾಯಿತು. ಆ ಪತ್ರವನ್ನು 600ಕ್ಕೂ ಹೆಚ್ಚು ಬರಹಗಳು ಉಲ್ಲೇಖಿಸಿದ್ದವೆಂದೂ, ಅವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಸಂಗತಿಯನ್ನೇ ಬಿಟ್ಟಿದ್ದವೆಂದೂ 2017ರಲ್ಲಿ ನಡೆದ ಪರಿಶೀಲನೆಯು ತೋರಿಸಿತು. ಆಪ್ತವಾಕ್ಯವೂ ಪ್ರಮಾಣವೇ ಎಂದು ತರ್ಕಶಾಸ್ತ್ರವು ಒಪ್ಪುತ್ತದೆ. ಆದರೆ ಆಪ್ತನು ಹೇಳಿದುದೇನು, ಯಾವ ಸಂದರ್ಭದಲ್ಲಿ ಹೇಳಿದನು ಎಂಬುದನ್ನು ನೋಡದೆ ಉದ್ಧರಿಸಿದರೆ ಪ್ರಮಾಣವು ಆಭಾಸವಾಗುತ್ತದೆ.

ಎರಡನೆಯ ಕಾರಣ ಧನಲೋಭ. 1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪನಿಯು ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಔಷಧವು ನಿಧಾನವಾಗಿ ಬಿಡುಗಡೆಯಾಗುವುದರಿಂದ ದುರುಪಯೋಗದ ಸಂಭವವು ಕಡಿಮೆಯೆಂದು 'ನಂಬಲಾಗಿದೆ' ಎಂಬ ಮಾತು ಅದರ ಅಧಿಕೃತ ವಿವರಣಪತ್ರದಲ್ಲಿಯೇ ಇತ್ತು. ನಂಬಲಾಗಿದೆಯೆಂದಿತ್ತೇ ಹೊರತು ಸಿದ್ಧವಾಗಿದೆಯೆಂದು ಇರಲಿಲ್ಲ. ಮಾತ್ರೆಯನ್ನು ಪುಡಿಮಾಡಿದರೆ ಆ ನಿಧಾನವು ಮಾಯವಾಗುತ್ತದೆಂಬುದನ್ನು ಜನರು ಬೇಗನೆ ಕಂಡುಕೊಂಡರು. ಕಂಪನಿಯ ಪ್ರತಿನಿಧಿಗಳು ಊರೂರಿಗೂ ಹೋಗಿ ವೈದ್ಯರನ್ನು ಒಪ್ಪಿಸಿದರು. 1996ರಲ್ಲಿ 4.8 ಕೋಟಿ ಡಾಲರುಗಳಷ್ಟಿದ್ದ ಮಾರಾಟವು 2000ದ ವೇಳೆಗೆ ಸುಮಾರು 110 ಕೋಟಿ ಡಾಲರುಗಳಿಗೆ ಏರಿತು. ವ್ಯಸನದ ಅಪಾಯದ ಬಗೆಗೆ ಜನರನ್ನು ತಪ್ಪುದಾರಿಗೆ ಎಳೆದ ಅಪರಾಧವನ್ನು ಅದರ ಸಹಸಂಸ್ಥೆಯೂ ಮೂವರು ಅಧಿಕಾರಿಗಳೂ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು 63 ಕೋಟಿ ಡಾಲರುಗಳಿಗೂ ಮಿಕ್ಕಿದ ಹಣವನ್ನು ತೆತ್ತರು. 2020ರಲ್ಲಿ ಕಂಪನಿಯು ಮತ್ತೊಮ್ಮೆ ಅಪರಾಧಗಳನ್ನು ಒಪ್ಪಿಕೊಳ್ಳಬೇಕಾಯಿತು.

ಮೂರನೆಯ ಕಾರಣವು ನೋವನ್ನು ಅನುಭವಿಸುತ್ತಿದ್ದವರ ಬಾಳಿನಲ್ಲಿಯೇ ಇತ್ತು. ಈ ಮಾತ್ರೆಗಳು ಮೊದಲು ಬೇರೂರಿದ ಪ್ರದೇಶಗಳಲ್ಲಿ ಅಪಲೇಷಿಯಾ ಬೆಟ್ಟಸೀಮೆಯು ಮುಖ್ಯವಾದುದು. ಅದು ಕಲ್ಲಿದ್ದಲಿನ ಗಣಿಗಳ ನಾಡು. ನೆಲದಡಿಯಲ್ಲಿ ಬಗ್ಗಿ ದುಡಿದವರ ಬೆನ್ನು ಮೊಣಕಾಲುಗಳು ಸವೆದಿದ್ದವು. ಗಣಿಗಳು ಮುಚ್ಚುತ್ತ ಬಂದುದರಿಂದ ಕೆಲಸವೂ ಸವೆದಿತ್ತು. ದೇಹದ ನೋವಿಗೆ ಕೊಟ್ಟ ಮಾತ್ರೆಯು ಮನಸ್ಸಿನ ನೋವನ್ನೂ ಒಂದು ಗಳಿಗೆ ಮರೆಸುತ್ತಿತ್ತು. ವೆಸ್ಟ್ ವರ್ಜೀನಿಯಾ ರಾಜ್ಯದ ಕರ್ಮಿಟ್ ಎಂಬ, ಸುಮಾರು 400 ಜನರ ಪುಟ್ಟ ಊರಿನ ಒಂದೇ ಔಷಧದಂಗಡಿಗೆ ಎರಡು ವರ್ಷಗಳಲ್ಲಿ ಸುಮಾರು 90 ಲಕ್ಷ ಮಾತ್ರೆಗಳು ಹೋಗಿದ್ದವು. ಎರಿಕ್ ಐರ್ ಎಂಬ ಪತ್ರಕರ್ತನು 2016ರಲ್ಲಿ ಇದನ್ನು ಬಯಲಿಗೆ ತಂದು ಮರುವರ್ಷ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆದನು. ಕಳುಹಿಸಿದ ಸಗಟು ವ್ಯಾಪಾರಿ, ಬರೆದುಕೊಟ್ಟ ವೈದ್ಯ, ಮಾರಿದ ಅಂಗಡಿಯವ, ನೋಡಬೇಕಾಗಿದ್ದ ಅಧಿಕಾರಿ ಇವರೆಲ್ಲರ ಕಣ್ಣೆದುರಿಗೇ ಆ ಮಾತ್ರೆಗಳು ಸಾಗಿದ್ದವೆಂಬುದನ್ನು ಗಮನಿಸಬೇಕು.

ಮುಂದೆ ವಿಪತ್ತು ರೂಪಾಂತರಗೊಂಡಿತು. 2010ರಲ್ಲಿ ಮಾತ್ರೆಯನ್ನು ಪುಡಿಮಾಡಲು ಕಷ್ಟವಾಗುವಂತೆ ಬದಲಿಸಲಾಯಿತು. ವೈದ್ಯರೂ ಕೈ ಬಿಗಿಹಿಡಿದರು. ಆದರೆ ಆಗಲೇ ಸಿಕ್ಕಿಬಿದ್ದವರಿಗೆ ಚಿಕಿತ್ಸೆಯ ಏರ್ಪಾಡು ಸಾಕಷ್ಟು ಇರಲಿಲ್ಲ. ಅವರಲ್ಲಿ ಅನೇಕರು ಬೀದಿಯ ಹೆರಾಯಿನಿಗೆ ಶರಣಾದರು. 2013ರ ನಂತರ ಕಳ್ಳಪೇಟೆಯನ್ನು ಫೆಂಟನಿಲ್ ತುಂಬಿತು. ಸೇವಿಸುವವನಿಗೆ ತಾನು ಸೇವಿಸುತ್ತಿರುವುದು ಯಾವುದೆಂಬುದೇ ತಿಳಿಯದಾಯಿತು. 1999ರಿಂದ 2023ರವರೆಗೆ ಈ ಕುಲದ ದ್ರವ್ಯಗಳ ಅತಿಸೇವನೆಯಿಂದ ಆ ದೇಶದಲ್ಲಿ ಸತ್ತವರು ಸುಮಾರು 8 ಲಕ್ಷ.

ಕುಟುಂಬದ ಮೇಲಣ ಪರಿಣಾಮ

ಸತ್ತವರ ಲೆಕ್ಕವನ್ನು ಸರ್ಕಾರವು ಇಡುತ್ತದೆ. ಉಳಿದವರ ಲೆಕ್ಕವು ಅಷ್ಟು ಸುಲಭವಲ್ಲ. ಮನೆಯೊಳಗೆ ಮೊದಲು ಮಾಯವಾಗುವುದು ಹಣ, ಅನಂತರ ಒಡವೆ, ಅನಂತರ ವಿಶ್ವಾಸ. ಸುಳ್ಳು ಹೇಳದವನು ಸುಳ್ಳು ಹೇಳತೊಡಗುತ್ತಾನೆ. ಹೆಂಡತಿಯು ನೆರೆಹೊರೆಯವರಿಂದ ಮುಚ್ಚಿಡುತ್ತಾಳೆ. ತಂದೆಯು ಬಂಧುಗಳ ಮದುವೆಗೆ ಹೋಗುವುದನ್ನು ಬಿಡುತ್ತಾನೆ. ವ್ಯಸನಿಯೊಬ್ಬನಾದರೆ ಲಜ್ಜೆಯು ಮನೆಮಂದಿಗೆಲ್ಲ ಹಂಚಿಹೋಗುತ್ತದೆ.

ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವರು ಮಕ್ಕಳು. ತಾಯಿಯು ಗರ್ಭಿಣಿಯಾಗಿದ್ದಾಗ ಈ ದ್ರವ್ಯವನ್ನು ಸೇವಿಸುತ್ತಿದ್ದರೆ, ಜನಿಸಿದ ಶಿಶುವಿಗೆ ಅದು ಹಠಾತ್ತನೆ ತಪ್ಪಿಹೋಗಿ, ನಡುಕವೂ ನಿಲ್ಲದ ಅಳುವೂ ಕಾಣಿಸಿಕೊಳ್ಳುತ್ತವೆ; ಶಿಶುವು ಹಾಲನ್ನೂ ಸರಿಯಾಗಿ ಕುಡಿಯಲಾರದು. ವೆಸ್ಟ್ ವರ್ಜೀನಿಯಾದಲ್ಲಿ 2017ರಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 50 ಶಿಶುಗಳು ಈ ಸ್ಥಿತಿಯಲ್ಲಿದ್ದವು. ಅಂಥ ಶಿಶುಗಳ ಆರೈಕೆಗೆಂದೇ ಆ ರಾಜ್ಯದ ಹಂಟಿಂಗ್ಟನ್ ನಗರದಲ್ಲಿ 2014ರಲ್ಲಿ ಲಿಲೀಸ್ ಪ್ಲೇಸ್ ಎಂಬ ಮನೆಯೊಂದು ತೆರೆಯಿತು. ತಂದೆತಾಯಿಗಳು ಸತ್ತೋ ಸೆರೆಮನೆ ಸೇರಿಯೋ ಇಲ್ಲವಾದ ಮನೆಗಳಲ್ಲಿ, ವಿಶ್ರಾಂತಿಯ ವಯಸ್ಸಿನ ಅಜ್ಜ ಅಜ್ಜಿಯರು ಮತ್ತೆ ಮಕ್ಕಳಿಗೆ ಉಣಿಸಿ ಶಾಲೆಗೆ ಕಳುಹಿಸುವ ಭಾರವನ್ನು ಹೊತ್ತರು.

ಪರಿಹಾರದ ಮಾರ್ಗ

ಹಟದಿಂದ ಬಿಟ್ಟರೆ ಮುಗಿಯಿತೆಂದು ಹಿರಿಯರು ಭಾವಿಸುವುದುಂಟು. ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಕೆಲವು ವಾರಗಳ ಯಾತನೆಯನ್ನು ದಾಟಿಸಿದರೆ ವಾಸಿಯಾಯಿತೆಂಬುದು ಅವರ ನಂಬಿಕೆ. ಇದರಲ್ಲಿ ಘೋರವಾದ ಅಪಾಯವಿದೆ. ಬಿಟ್ಟ ಕೆಲವು ವಾರಗಳಲ್ಲಿ ದೇಹದ ಒಗ್ಗಿಕೆಯು ಕಳೆದುಹೋಗುತ್ತದೆ, ಆದರೆ ಮನಸ್ಸಿನ ಸೆಳೆತವು ಹೋಗುವುದಿಲ್ಲ. ಹಿಂದಿನ ಪ್ರಮಾಣವನ್ನೇ ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಸೆರೆಮನೆಯಿಂದಲೂ ಶುಶ್ರೂಷಾಕೇಂದ್ರಗಳಿಂದಲೂ ಹೊರಬಂದ ಮೊದಲ ವಾರಗಳಲ್ಲಿಯೇ ಮರಣಗಳು ಹೆಚ್ಚುವುದು ಈ ಕಾರಣದಿಂದ.

ಮೆಥಡೋನ್, ಬ್ಯುಪ್ರಿನಾರ್ಫಿನ್ ಎಂಬ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ದೀರ್ಘಕಾಲ ಕೊಡುವುದು ಇಂದು ಸಿದ್ಧವಾಗಿರುವ ಮಾರ್ಗ. ಇವೂ ಅದೇ ಕುಲದವು. ಆದರೆ ಕ್ರಮವಾಗಿ ಕೊಟ್ಟಾಗ ಏರಿಳಿತವಿಲ್ಲದೆ ದೇಹವನ್ನು ಸ್ಥಿರವಾಗಿಟ್ಟು, ಮನುಷ್ಯನು ಮರಳಿ ಕಾಯಕದಲ್ಲಿ ತೊಡಗಲು ಅವಕಾಶ ಕೊಡುತ್ತವೆ. ಇವನ್ನು ಪಡೆಯುತ್ತಿರುವವರಲ್ಲಿ ಮರಣವು ಬಹಳಷ್ಟು ಕಡಿಮೆ. ಒಂದು ಚಟದ ಬದಲು ಇನ್ನೊಂದು ಚಟವೆಂದು ಇದನ್ನು ಹಳಿಯುವವರು, ಸಕ್ಕರೆರೋಗದವನು ನಿತ್ಯ ಚುಚ್ಚಿಸಿಕೊಳ್ಳುವ ಔಷಧವನ್ನು ಯಾರೂ ಚಟವೆನ್ನುವುದಿಲ್ಲವೆಂಬುದನ್ನು ನೆನೆಯಬೇಕು. ಉಸಿರು ನಿಲ್ಲುತ್ತಿರುವವನನ್ನು ಕ್ಷಣಗಳಲ್ಲಿ ಎಚ್ಚರಿಸುವ ನಲಾಕ್ಸೋನ್ ಎಂಬ ಪ್ರತ್ಯೌಷಧವೂ ಉಂಟು. 2023ರಲ್ಲಿ ಅಮೆರಿಕವು ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಲು ಅನುಮತಿಸಿತು.

ಹಂಟಿಂಗ್ಟನ್ ನಗರದಲ್ಲಿ 2017ರ ಕೊನೆಯಲ್ಲಿ ಆರಂಭವಾದ ಇನ್ನೊಂದು ಕ್ರಮವು ವಿಶೇಷವಾಗಿ ಮನನೀಯವಾದುದು. ಅತಿಸೇವನೆಯಿಂದ ಸಾವಿನ ಬಾಗಿಲಿಗೆ ಹೋಗಿ ಮರಳಿದವನ ಮನೆಗೆ 72 ಗಂಟೆಗಳೊಳಗಾಗಿ ಒಂದು ಪುಟ್ಟ ತಂಡವು ಹೋಗುತ್ತದೆ. ತುರ್ತುಚಿಕಿತ್ಸೆಯ ಸಿಬ್ಬಂದಿ, ವ್ಯಸನಚಿಕಿತ್ಸೆಯನ್ನು ಬಲ್ಲವರು, ಪೊಲೀಸರು ಮತ್ತು ಧರ್ಮಸಂಸ್ಥೆಗಳ ಪ್ರತಿನಿಧಿಗಳು ಅದರಲ್ಲಿರುತ್ತಾರೆ. ಹಿಡಿದುಕೊಂಡು ಹೋಗಲೆಂದು ಅವರು ಬರುವುದಿಲ್ಲ. ಚಿಕಿತ್ಸೆಗೆ ಸಿದ್ಧನಿದ್ದೀಯೆ ಎಂದು ಕೇಳಲು ಬರುತ್ತಾರೆ. ಒಲ್ಲೆನೆಂದರೆ ಮತ್ತೆ ಬರುತ್ತಾರೆ. ಬಾಗಿಲು ಮುಚ್ಚಿಕೊಂಡವನ ಬಳಿಗೆ ಊರೇ ನಡೆದು ಹೋದ ಈ ಕ್ರಮವನ್ನು ಇತರ ನಗರಗಳೂ ಅನುಸರಿಸಿದವು. 2024ರಲ್ಲಿ ಅಮೆರಿಕದಲ್ಲಿ ಅತಿಸೇವನೆಯ ಮರಣಗಳು ಹಿಂದಿನ ವರ್ಷಕ್ಕಿಂತ ಗಣನೀಯವಾಗಿ ಇಳಿದವು.

ನಮ್ಮ ದೇಶದ ಗೃಹಸ್ಥರಿಗೆ

ಇದು ದೂರದೇಶದ ಕಥೆಯೆಂದು ನಿಶ್ಚಿಂತರಾಗುವಂತಿಲ್ಲ. ಕೇಂದ್ರಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಭಾರತದಲ್ಲಿ ಈ ಕುಲದ ದ್ರವ್ಯಗಳನ್ನು ಬಳಸುವವರು ಸುಮಾರು 2.26 ಕೋಟಿ. ಟ್ರಮಡಾಲ್ ಎಂಬ ನೋವಿನ ಮಾತ್ರೆಯ ದುರುಪಯೋಗವು ಹೆಚ್ಚಿದುದರಿಂದ 2018ರಲ್ಲಿ ಸರ್ಕಾರವು ಅದನ್ನು ಮಾದಕದ್ರವ್ಯ ಕಾಯಿದೆಯ ವ್ಯಾಪ್ತಿಗೆ ತಂದಿತು.

ಆದರೆ ಭಯವೂ ಮಿತಿ ಮೀರಬಾರದು. 1985ರ ಕಾಯಿದೆಯ ಬಿಗಿಯಾದ ನಿಯಮಗಳ ಫಲವಾಗಿ, ಅಫೀಮು ಬೆಳೆಯುವ ಈ ದೇಶದಲ್ಲಿಯೇ ಅಸಂಖ್ಯ ಕ್ಯಾನ್ಸರ್ ರೋಗಿಗಳು ಮಾರ್ಫಿನ್ ದೊರೆಯದೆ ನರಳಿದರು; 2014ರ ತಿದ್ದುಪಡಿಯು ಆ ತೊಡಕನ್ನು ಸಡಿಲಿಸಿತು. ಮರಣಶಯ್ಯೆಯಲ್ಲಿರುವ ಹಿರಿಯರಿಗೆ ವೈದ್ಯರು ಕೊಡುವ ಮಾರ್ಫಿನನ್ನು ಚಟದ ಹೆದರಿಕೆಯಿಂದ ಬೇಡವೆನ್ನುವುದು ದಯೆಯಲ್ಲ. ದ್ರವ್ಯವು ಒಂದೇ ಆದರೂ ಪಾತ್ರ, ಕಾಲ, ಪ್ರಮಾಣಗಳಿಂದ ಅದು ಅಮೃತವೂ ಆಗುತ್ತದೆ, ವಿಷವೂ ಆಗುತ್ತದೆ.

ಆದುದರಿಂದ ಗೃಹಸ್ಥರು ಕೆಲವು ಸಂಗತಿಗಳನ್ನು ಪಾಲಿಸಬೇಕು. ಬಲವಾದ ನೋವಿನ ಮಾತ್ರೆಯನ್ನು ವೈದ್ಯರು ಬರೆದಾಗ ಅದೆಂಥದು, ಎಷ್ಟು ದಿನ, ನಿಲ್ಲಿಸುವುದು ಹೇಗೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಹಳೆಯ ಚೀಟಿಯನ್ನು ತೋರಿಸಿ ಮತ್ತೆ ಮತ್ತೆ ಕೊಳ್ಳಬಾರದು. ಒಬ್ಬರಿಗೆ ಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬಾರದು. ಉಳಿದವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಮಗನೋ ಸೊಸೆಯೋ ತಮ್ಮನೋ ಸಿಕ್ಕಿಬಿದ್ದುದು ತಿಳಿದಾಗ ಮೊದಲು ಬೈಯದೆ, ಮುಚ್ಚಿಡದೆ, ಚಿಕಿತ್ಸೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವುಂಟು. 14446 ಎಂಬ ರಾಷ್ಟ್ರೀಯ ದೂರವಾಣಿಯಲ್ಲಿ ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ಒಮ್ಮೆ ಬಿಟ್ಟವನು ಮತ್ತೆ ಜಾರಿದರೆ, ಜ್ವರವು ಮರುಕಳಿಸಿದವನನ್ನು ವೈದ್ಯರ ಬಳಿಗೆ ಒಯ್ಯುವಂತೆಯೇ ಅವನನ್ನೂ ಮತ್ತೆ ಒಯ್ಯಬೇಕು.

ವ್ಯಸನಿಯು ತನ್ನ ಕೃತ್ಯಗಳಿಗೆ ಹೊಣೆಯೇ ಅಲ್ಲವೆಂದು ಇದರಿಂದ ತಿಳಿಯಬಾರದು. ಕದ್ದುದನ್ನು ಹಿಂದಿರುಗಿಸುವುದು, ನೋಯಿಸಿದವರಲ್ಲಿ ಕ್ಷಮೆ ಬೇಡುವುದು, ಚಿಕಿತ್ಸೆಯನ್ನು ನಡುವೆ ಬಿಡದೆ ನಡೆಸುವುದು ಅವನ ಭಾರವೇ ಸರಿ. ಆದರೆ ಆ ಭಾರವನ್ನು ಹೊರಲು ಅವನು ಮೊದಲು ಬದುಕಿರಬೇಕು. ಲಜ್ಜೆಯಿಂದ ಒಬ್ಬಂಟಿಯಾಗಿ ಬಾಗಿಲು ಮುಚ್ಚಿಕೊಂಡು ಸೇವಿಸುವವನ ಉಸಿರು ನಿಂತಾಗ ಕೂಗಿ ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.