ಬೆಳಕಿನ ಉಳಿ



ಕಣಕಟ್ಟೆಯ ಸೀಮೆಯಿಂದ ಹಳೇಬೀಡಿಗೆ ಹೋದ ನಾವು ಅಲ್ಲಿಯ ಶಿಲ್ಪಕ್ಕೆ ಬೆರಗಾಗದೆ ಮರಳುವುದಿಲ್ಲ. ಹನ್ನೆರಡನೆಯ ಶತಮಾನದ ಶಿಲ್ಪಿಗಳು ಮೆದುವಾದ ಬಳಪದ ಕಲ್ಲನ್ನು ಆರಿಸಿಕೊಂಡುದರಿಂದ ಅಷ್ಟು ನವುರಾದ ಕೆಲಸವು ಉಳಿಗೆ ಸಾಧ್ಯವಾಯಿತು. ಗಾಜಿನ ಸ್ವಭಾವವೇ ಬೇರೆ. ಅದು ಪೆಡಸು, ಉಳಿಯ ಪೆಟ್ಟಿಗೆ ಚೂರಾಗುವುದು. ಹಾಗಾದರೆ ಮೊಬೈಲ್ ಫೋನಿನ ತೆಳುಗಾಜನ್ನು ಮೂಲೆಗಳು ದುಂಡಾಗುವಂತೆ ಕತ್ತರಿಸುವುದೆಂತು? ಇದನ್ನು ವಿಚಾರಿಸೋಣ.

ಕಿಟಕಿಯ ಗಾಜನ್ನು ವಜ್ರದ ಮೊನೆಯಿಂದ ಗೀರಿ ಮುರಿಯುವುದನ್ನು ನೀವು ನೋಡಿರಬಹುದು. ಆಗ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಉಳಿಯುವುವು. ಗಾಜು ಮುಂದೆ ಒಡೆಯುವುದು ಬಹುಮಟ್ಟಿಗೆ ಅಂಥ ಬಿರುಕುಗಳಿಂದಲೇ. ಆದುದರಿಂದ ಈಗ ಅನೇಕ ಕಾರ್ಖಾನೆಗಳಲ್ಲಿ ಲೇಸರ್ ಬೆಳಕನ್ನೇ ಉಳಿಯಾಗಿ ಬಳಸುವರು. ಥಿಯೊಡರ್ ಮೈಮನ್ ಎಂಬವರು 1960ರಲ್ಲಿ ಮೊದಲ ಲೇಸರನ್ನು ಬೆಳಗಿಸಿದರು.

ಆದರೆ ಬೆಳಕು ಗಾಜನ್ನು ಹಾದುಹೋಗುವುದಷ್ಟೆ, ಕತ್ತರಿಸುವುದು ಹೇಗೆ? ಇಲ್ಲಿಯೇ ರಹಸ್ಯವುಂಟು. ಈ ಕೆಲಸಕ್ಕೆ ಬಳಸುವ ಅವಗೆಂಪು ಬೆಳಕಿನ ಕಣಗಳನ್ನು ಗಾಜು ಒಂದೊಂದಾಗಿ ಹೀರಲಾರದು. ಹಲವು ಕಣಗಳು ಒಮ್ಮೆಗೇ ಮುತ್ತಿದರೆ ಹೀರುವುದು. ಒಂದು ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಒಂದು ಪಾಲು ಪಿಕೊಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಸುಮಾರು 0.3 ಮಿಲಿಮೀಟರ್ ಮಾತ್ರ ಸಾಗುವುದು. ಅಂಥ ಕೆಲವೇ ಪಾಲುಗಳ ಮಿಂಚನ್ನು ಸಣ್ಣ ಚುಕ್ಕೆಗೆ ಕೂಡಿಸಿದರೆ, ಶಾಖವು ಸುತ್ತಲೂ ಹರಡುವ ಮುನ್ನವೇ ಅಲ್ಲಿ ಸೂಕ್ಷ್ಮವಾದ ರಂಧ್ರವುಂಟಾಗುವುದು. ಇಂಥ ರಂಧ್ರಗಳ ಸಾಲಿನಲ್ಲಿ, ಅಂಚೆಚೀಟಿಗಳ ಹಾಳೆಯು ಹರಿಯುವಂತೆ, ಗಾಜು ಬೇರ್ಪಡುವುದು.

ಪದಾರ್ಥವು ಎರಡು ಬೆಳಕಿನ ಕಣಗಳನ್ನು ಒಮ್ಮೆಗೇ ಹೀರಬಲ್ಲುದೆಂದು ಮೊದಲು ಲೆಕ್ಕದಿಂದ ಹೇಳಿದವರು ಮರಿಯಾ ಗೆಪರ್ಟ್ ಮೇಯರ್. ಅವರ ಪ್ರಬಂಧವು 1931ರಲ್ಲಿ ಅಚ್ಚಾಯಿತು. ಲೇಸರ್ ಬಂದ ಮೇಲೆ, 1961ರಲ್ಲಿ, ಆ ಮಾತು ಪ್ರಯೋಗದಿಂದ ಸಿದ್ಧವಾಯಿತು. ಹ್ರಸ್ವವಾದ ಮಿಂಚನ್ನು ನೇರವಾಗಿ ಬಲಪಡಿಸಹೋದರೆ ಉಪಕರಣವೇ ಹಾಳಾಗುತ್ತಿತ್ತು. ಅದನ್ನು ಮೊದಲು ಹಿಗ್ಗಿಸಿ, ಬಲಪಡಿಸಿ, ಕಡೆಗೆ ಕುಗ್ಗಿಸುವ ಮಾರ್ಗವನ್ನು 1985ರಲ್ಲಿ ಪ್ರಕಟಿಸಿದವರು ಜೆರಾರ್ ಮೂರು ಎಂಬ ಗುರುಗಳೂ ಡೊನ್ನಾ ಸ್ಟ್ರಿಕ್‌ಲೆಂಡ್ ಎಂಬ ಶಿಷ್ಯೆಯೂ. ಭೌತಶಾಸ್ತ್ರದಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಸ್ತ್ರೀಯರಲ್ಲಿ ಮೇರಿ ಕ್ಯೂರಿ (1903) ಮೊದಲನೆಯವರು, ಗೆಪರ್ಟ್ ಮೇಯರ್ (1963) ಎರಡನೆಯವರು, ಸ್ಟ್ರಿಕ್‌ಲೆಂಡ್ (2018) ಮೂರನೆಯವರು.

ಲೆಕ್ಕವು ಹೆಣ್ಣುಮಕ್ಕಳಿಗೆ ಒಗ್ಗದೆಂಬ ಮಾತನ್ನು ನಾವು ಇಂದಿಗೂ ಕೇಳುತ್ತಿರುವೆವು. ಬೆಳಕನ್ನು ಉಂಟುಮಾಡಿದ ದೇವರು ಅದನ್ನು ಅರಿಯುವ ಬುದ್ಧಿಯನ್ನು ಗಂಡಿಗೊಂದು ಹೆಣ್ಣಿಗೊಂದು ಎಂದು ಅಳೆದು ಕೊಟ್ಟಿಲ್ಲ. ಮುಂದೆ ಆ ಮಾತು ಕಿವಿಗೆ ಬಿದ್ದಾಗ, ಫೋನಿನ ಗಾಜಿನ ಅಂಚನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿರಿ. ಬಳಿಕ ಲೆಕ್ಕದ ಪುಸ್ತಕವನ್ನು ತೆರೆಯಿರಿ.