ಎಚ್ಚರಿಕೆಯ ಫಲಕ ಎಷ್ಟು ದೂರದಲ್ಲಿರಬೇಕು?

ಉಡುಪಿ–ಕಾಪು ನಡುವೆ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ದುರಸ್ತಿ ನಡೆದಿದೆಯೆಂದು ಭಾವಿಸೋಣ. ಗಂಟೆಗೆ 72 ಕಿಲೋಮೀಟರ್ ವೇಗದ ಬಸ್ಸು ಸೆಕೆಂಡಿಗೆ 20 ಮೀಟರ್ ಕ್ರಮಿಸುತ್ತದೆ. ಚಾಲಕನು ಅಪಾಯವನ್ನು ಕಂಡು, ಅರಿತು, ಬ್ರೇಕನ್ನು ಒತ್ತಲು ಎರಡೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿಯೇ 50 ಮೀಟರ್ ಮುಗಿಯಿತು! ಬಳಿಕ ಸೆಕೆಂಡು ಸೆಕೆಂಡಿಗೂ ವೇಗವು 5 ಮೀಟರಿನಂತೆ ಕುಗ್ಗಿದರೂ ನಿಲ್ಲಲು ಇನ್ನೂ 40 ಮೀಟರ್ ಬೇಕು. ಕರಾವಳಿಯ ಮಳೆಯಲ್ಲಿ ಘರ್ಷಣೆಯು ಅರ್ಧಕ್ಕಿಳಿದರೆ ಈ 40 ಇಮ್ಮಡಿಯಾಗಿ, ಒಟ್ಟು 130 ಮೀಟರ್ ಆಗುತ್ತದೆ. ಮಣಿಪಾಲದಿಂದ ಉಡುಪಿಗೆ ಇಳಿಯುವಲ್ಲಿ ಗುರುತ್ವವೂ ವಾಹನವನ್ನು ಮುಂದಕ್ಕೆಳೆಯುವುದರಿಂದ ಇನ್ನೂ ಹೆಚ್ಚು. ಹೀಗಿರುವಾಗ ಗುಂಡಿಯ ಅಂಚಿನಲ್ಲಿಯೇ ಸಿಕ್ಕಿಸಿದ ಕೆಂಪು ಬಾವುಟವು ಒಳಗಿರುವ ಕೆಲಸಗಾರನನ್ನು ಹೇಗೆ ಕಾದೀತು?

ಇರುಳಿನಲ್ಲಿ ಫಲಕದ ಸೂಕ್ಷ್ಮ ಗಾಜಿನ ಮಣಿಗಳು ವಾಹನದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಅವುಗಳ ಮೇಲೆ ಕೆಸರು ಮೆತ್ತಿದರೆ ಆ ಬೆಳಕು ಚಾಲಕನ ಕಣ್ಣಿಗೆ ಮರಳುವುದಿಲ್ಲ. ಆದುದರಿಂದ ಮಳೆಗಾಲದಲ್ಲಿ ಫಲಕವನ್ನು ದಿನವೂ ಒರೆಸಬೇಕು.